ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ

ನಮ್ಮ ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಕುಂದಾಣಿಯಲ್ಲಿ ಆಳಿದ ಹೊಯ್ಸಳ ರಾಮನಾಥನನ್ನೋ ನಮ್ಮ ಬೆಟ್ಟಗಳ ಮೇಲಣ ಕೋಟೆಗಳನ್ನೋ ಕುರಿತು ನಾಲ್ಕು ಮಾತು ಬರೆದರಾಯಿತೆಂದು ನಾನು ಎಣಿಸಿದ್ದೆನು. ಆದರೆ ಅದೇ ವಾರದಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ಆ ಎಣಿಕೆಯನ್ನು ಬದಲಿಸಿತು. ಅಂಚೆಟ್ಟಿಯ ಕಡೆಯ ಒಂದು ಹಳ್ಳಿಯಿಂದ ಒಬ್ಬ ರೈತನು, ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ತೇರ್ಗಡೆಯಾದ ತನ್ನ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ಹುಡುಗನು ಕನ್ನಡದಲ್ಲಿಯೇ ಓದಿದವನು. ಮುಂದಕ್ಕೆ ಬೆಂಗಳೂರಿನಲ್ಲಿ ಓದಬೇಕೆಂಬುದು ಅವನ ಆಸೆ. ಕಾಲೇಜು ಯಾವುದು, ಶುಲ್ಕವೆಷ್ಟು, ಪುಸ್ತಕಕ್ಕೇನು ಗತಿ ಎಂದು ನಾನು ವಿವರಿಸುತ್ತಿದ್ದೆನು. ತಂದೆಯು ಎಲ್ಲವನ್ನೂ ಕೇಳಿಕೊಂಡು ಕೊನೆಗೆ, “ಅದೆಲ್ಲ ಸರಿ ಮೇಷ್ಟ್ರೇ, ಓದ್ಸೋಕೆ ನಂಗೂ ಆಸೆ ಐತೆ. ಹುಡುಗ ರಾತ್ರಿ ಎಲ್ಲಿ ಮಲಗ್ತಾನೆ?” ಎಂದನು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಇದು ನೂರು ವರ್ಷಗಳಿಗೂ ಹಿಂದಿನ ಪ್ರಶ್ನೆ ಎಂಬುದು ಮಾತ್ರ ಕೂಡಲೇ ನೆನಪಿಗೆ ಬಂದಿತು. ಕನ್ನಡ ನಾಡಿನಲ್ಲಿ ವಿದ್ಯೆಯಿಂದ ದೂರವಿದ್ದ ಕುಲಗಳು ಮೇಲೆದ್ದ ಕಥೆಯನ್ನು ನಾವು ಸಾಮಾನ್ಯವಾಗಿ ಸರ್ಕಾರದ ಆಜ್ಞೆಗಳ ಕಥೆಯಾಗಿ ಓದುತ್ತೇವೆ. ಆಜ್ಞೆಗಳು ಬಂದುದು ಆಮೇಲೆ. ಅದಕ್ಕೆ ಮುಂಚೆ ಯಾರೋ ಒಬ್ಬರು, ‘ಹುಡುಗ ಎಲ್ಲಿ ಮಲಗಬೇಕು, ಏನು ಉಣ್ಣಬೇಕು’ ಎಂಬ ಪ್ರಶ್ನೆಗೆ ಉತ್ತರವನ್ನು ಕೊಟ್ಟಿದ್ದರು. ಆ ಉತ್ತರದ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿದ್ಯೆಗಾಗಿ ಹೊಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯು ಹೊಸದಲ್ಲ. ಎರಡು ಊರುಗಳಿಗೂ ನಡುವೆ ಇರುವುದು ನಲವತ್ತು ಕಿಲೋಮೀಟರು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೃಷ್ಣಗಿರಿಯ ಬಾರಾಮಹಲ್ ಸೀಮೆಯು ಇಂಗ್ಲಿಷರ ಪಾಲಾದರೂ, ಘಟ್ಟದ ಮೇಲಿನ ಹೊಸೂರು ಸೀಮೆಯು ೧೭೯೯ರವರೆಗೂ ಮೈಸೂರಿನ ಕೈಯಲ್ಲಿಯೇ ಇದ್ದಿತು. ಟಿಪ್ಪುವಿನ ಪತನದ ಬಳಿಕ ಅದೂ ಸೇಲಂ ಜಿಲ್ಲೆಗೆ ಸೇರಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿಯೂ ಅದು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಗೂ ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಕಾಸರಗೋಡು ಬೆಳಗಾವಿಗಳ ಪ್ರಶ್ನೆಯನ್ನು ವಿಚಾರಿಸಿದ ಮಹಾಜನ ಆಯೋಗದ ಮುಂದೆ ನಮ್ಮ ಹೊಸೂರಿನ ಪ್ರಶ್ನೆಯು ಇರಲೇ ಇಲ್ಲ. ಹೀಗೆ ಕಾಗದದ ಮೇಲೆ ಗೆರೆಗಳು ಬದಲಾಗುತ್ತ ಬಂದರೂ, ಸಂತೆಗೆ, ಸಂಬಂಧಕ್ಕೆ, ಓದಿಗೆ ನಮ್ಮ ಜನ ಮುಖ ಮಾಡುತ್ತಿದ್ದುದು ಬೆಂಗಳೂರಿನ ಕಡೆಗೇ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ೧೮೭೮ರಲ್ಲಿ ಹುಟ್ಟಿದ ರಾಜಾಜಿಯವರು ಹೊಸೂರಿನ ಶಾಲೆಯಲ್ಲಿ ಓದಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು. ಅವರ ತಂದೆಯವರು ಗ್ರಾಮದ ಮುನ್ಸೀಫರು. ಅದೇ ತೊರಪಳ್ಳಿಯಲ್ಲಿ ಅದೇ ಕಾಲಕ್ಕೆ ಹುಟ್ಟಿದ ಒಕ್ಕಲಿಗರ ಅಥವಾ ಕುರುಬರ ಹುಡುಗನೊಬ್ಬನಿಗೆ ಅಷ್ಟೇ ಬುದ್ಧಿಯಿದ್ದಿದ್ದರೆ ಏನಾಗುತ್ತಿತ್ತು? ಹೊಲಗೇರಿಯ ಹುಡುಗನಿಗೆ ಇದ್ದಿದ್ದರೆ? ದಾರಿಯೇನೋ ಎಲ್ಲರಿಗೂ ಒಂದೇ. ದಾರಿಯ ಕೊನೆಯಲ್ಲಿ ಇವರಿಗಾಗಿ ತೆರೆಯುವ ಬಾಗಿಲು ಮಾತ್ರ ಇರಲಿಲ್ಲ.

ಇಲ್ಲಿ ವಾರಾನ್ನದ ವಿಷಯವನ್ನು ಸ್ವಲ್ಪ ಹೇಳಬೇಕಾಗಿದೆ. ಈಗಿನ ಮಕ್ಕಳಿಗೆ ಈ ಶಬ್ದವೇ ತಿಳಿಯದು. ಹಿಂದೆ ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಬ್ರಾಹ್ಮಣ ಹುಡುಗನು ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಗಳಿಗೂ ಏಳು ಮನೆಗಳಲ್ಲಿ ಊಟ. ರಾತ್ರಿ ಯಾವುದಾದರೊಂದು ದೇವಸ್ಥಾನದ ಜಗಲಿಯೋ ಛತ್ರದ ಮೂಲೆಯೋ ಆಗುತ್ತಿತ್ತು. ಬುಧವಾರದ ಮನೆಯಲ್ಲಿ ಸೂತಕ ಬಂದರೆ ಬುಧವಾರ ಉಪವಾಸ. ಮನೆಯಾಕೆ ಸಿಡುಕಿದರೆ ತಲೆ ತಗ್ಗಿಸಿ ಉಣ್ಣಬೇಕು. ಅವಮಾನವು ಇದ್ದೇ ಇದ್ದಿತು. ಆದರೂ ನೂರಾರು ಬಡ ಹುಡುಗರು ಹೀಗೆ ಉಂಡು, ಬೀದಿಯ ದೀಪದ ಕೆಳಗೆ ಓದಿ, ಅಮಲ್ದಾರರೂ ಉಪಾಧ್ಯಾಯರೂ ವಕೀಲರೂ ಆದರು. ವಾರಾನ್ನವು ಯಾವ ಸರ್ಕಾರವೂ ಏರ್ಪಡಿಸಿದ್ದಲ್ಲ. ತಮ್ಮವನೊಬ್ಬನು ಮುಂದೆ ಬರಲೆಂದು ಒಂದು ಸಮುದಾಯವು ತನ್ನ ಅಡುಗೆಮನೆಯಿಂದಲೇ ನಡೆಸಿದ ವಿದ್ಯಾರ್ಥಿವೇತನ ಅದು.

ಬ್ರಾಹ್ಮಣರು ಬುದ್ಧಿಯಿಂದ ಮುಂದೆ ಬಂದರು, ಮಿಕ್ಕವರು ಬುದ್ಧಿಯಿಲ್ಲದೆ ಹಿಂದುಳಿದರು ಎಂಬ ಮಾತನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಬುದ್ಧಿಯ ಮಾತು ಹಾಗಿರಲಿ, ಒಕ್ಕಲಿಗರ ಹುಡುಗನಿಗೆ ಪಟ್ಟಣದಲ್ಲಿ ಏಳು ಮನೆಗಳಿರಲಿಲ್ಲ. ಅವನ ಜನರೆಲ್ಲರೂ ಹಳ್ಳಿಯಲ್ಲಿದ್ದರು. ಲಿಂಗಾಯತರಿಗೆ ಮಠಗಳ ದಾಸೋಹವಿದ್ದಿತು. ಕ್ರೈಸ್ತ ಮತವನ್ನು ಸ್ವೀಕರಿಸಿದವರಿಗೆ ಮಿಷನ್ನಿನವರ ವಸತಿಶಾಲೆಗಳಿದ್ದವು. ಗೊಲ್ಲ, ಕುರುಬ, ಬೇಡ, ಅಗಸ ಮೊದಲಾದವರಿಗೆ ಏನೂ ಇರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗಂತೂ ಛತ್ರದ ಜಗಲಿಯೂ ನಿಷಿದ್ಧ.

ಈ ಕೊರತೆಯನ್ನು ತುಂಬಲು ಮೊದಲು ಕೈಹಾಕಿದವರಲ್ಲಿ ಗುಬ್ಬಿ ತೋಟದಪ್ಪನವರ ಹೆಸರು ದೊಡ್ಡದು. ಅವರು ವ್ಯಾಪಾರಿಗಳು, ಪಂಡಿತರಲ್ಲ. ೧೮೯೭ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಜಾಗವನ್ನು ಕೊಂಡು ಛತ್ರವನ್ನು ಕಟ್ಟಿಸಿದರು. ೧೯೦೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅದನ್ನು ತೆರೆದರು. ಪರಸ್ಥಳದಿಂದ ಬಂದ ಯಾತ್ರಿಕನಿಗೆ ಒಂದು ರಾತ್ರಿಯ ಆಶ್ರಯವೆಂದು ಆರಂಭವಾದ ಈ ಧರ್ಮಕಾರ್ಯವು ಬೇಗನೆ, ಓದಲು ಬಂದ ವೀರಶೈವ ಹುಡುಗರಿಗೆ ವರ್ಷಗಟ್ಟಲೆ ಅನ್ನ ವಸತಿಗಳನ್ನು ನೀಡುವ ವಿದ್ಯಾರ್ಥಿನಿಲಯವಾಗಿಯೂ ಬೆಳೆಯಿತು. ತೋಟದಪ್ಪನವರು ೧೯೧೦ರಲ್ಲಿ ಕಾಲವಾಗುವ ಮುನ್ನ ತಮ್ಮ ಆಸ್ತಿಯನ್ನು ಈ ಧರ್ಮಕ್ಕೆ ಬಿಟ್ಟು ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟರ ಮೇಲ್ವಿಚಾರಣೆಗೆ ಒಪ್ಪಿಸಿದರು. ಊರಿನ ಪುರಭವನಕ್ಕೆ ಇಂದಿಗೂ ಹೆಸರಾಗಿರುವವರು ಈ ಪುಟ್ಟಣ್ಣ ಚೆಟ್ಟರೇ. ೧೯೦೫ರಲ್ಲಿ ಮೈಸೂರು ಲಿಂಗಾಯತ ವಿದ್ಯಾನಿಧಿಯ ಸಂಘವೂ, ೧೯೦೬ರಲ್ಲಿ ಒಕ್ಕಲಿಗರ ಸಂಘವೂ ಬೆಂಗಳೂರಿನಲ್ಲಿ ಸ್ಥಾಪಿತವಾದವು. ಒಕ್ಕಲಿಗರ ಸಂಘವು ಮರುವರ್ಷವೇ ‘ಒಕ್ಕಲಿಗರ ಪತ್ರಿಕೆ’ಯನ್ನು ಹೊರಡಿಸಿತು. ಇವರು ಹಿಡಿದ ಮಾರ್ಗ ಬಹು ಸರಳವಾದುದು. ಇದ್ದವರಿಂದ ಚಂದಾ ಎತ್ತುವುದು, ಪಟ್ಟಣದಲ್ಲಿ ಒಂದು ಮನೆಯನ್ನು ಮಾಡುವುದು, ಅಡುಗೆಯವನೊಬ್ಬನನ್ನು ಇಡುವುದು, ಹಳ್ಳಿಯ ಹುಡುಗರನ್ನು ಕರೆತಂದು ಅಲ್ಲಿ ಇರಿಸುವುದು. ಏಳು ಮನೆಗಳ ಬದಲು ಎಲ್ಲರಿಗೂ ಸೇರಿದ ಒಂದು ಮನೆ. ಇಲ್ಲಿ ಸಿಡುಕುವ ಮನೆಯಾಕೆಯಿಲ್ಲ, ಅಡುಗೆ ಭಟ್ಟನ ಸಿಡುಕು ಇದ್ದಿರಬಹುದು. ಉಂಡವನು ಮುಂದೆ ಸಂಬಳ ಪಡೆಯುವವನಾದಾಗ ತಾನೂ ಚಂದಾ ಕೊಡುವನೆಂಬ ನಂಬಿಕೆಯೇ ಈ ಏರ್ಪಾಟಿನ ಬಂಡವಾಳ.

ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ೧೯೦೧ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗನ್ನು ತೆರೆದು, ಬಳಿಕ ಜೈನರು, ಲಿಂಗಾಯತರು, ಮುಸಲ್ಮಾನರು, ಅಸ್ಪೃಶ್ಯರು ಮುಂತಾದವರಿಗೆ ಒಂದೊಂದಾಗಿ ವಸತಿಗೃಹಗಳು ಏಳುವಂತೆ ಮಾಡಿದರು. ಅವರು ಅರಸರು. ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಡುವ ಆಜ್ಞೆಯನ್ನು ೧೯೦೨ರಲ್ಲಿಯೇ ಹೊರಡಿಸಲು ಶಕ್ತರಾದವರು. ಅಂಥವರಿಗೂ ಮೊದಲು ತೋರಿದುದು ಬೋರ್ಡಿಂಗಿನ ಯೋಚನೆ ಎಂಬುದನ್ನು ಗಮನಿಸಬೇಕು.

ಈ ವಿಚಾರದಲ್ಲಿ ದೂರದ ಅಮೆರಿಕದ ಒಂದೆರಡು ಸಂಗತಿಗಳನ್ನು ಹೇಳುವುದು ಅಪ್ರಸ್ತುತವಾಗಲಾರದು. ಮಹಾತ್ಮಾ ಜ್ಯೋತಿಬಾ ಫುಲೆಯವರು ೧೮೭೩ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ ಎಂಬ ಗ್ರಂಥವನ್ನು, ಕರಿಯ ಜನರನ್ನು ದಾಸ್ಯದಿಂದ ಬಿಡಿಸಲು ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅಲ್ಲಿಯ ಆ ಜನರ ಸ್ಥಿತಿಗೂ ಇಲ್ಲಿಯ ಶೂದ್ರಾತಿಶೂದ್ರರ ಸ್ಥಿತಿಗೂ ಇರುವ ಹೋಲಿಕೆಯನ್ನು ಅವರು ಕಂಡಿದ್ದರು. ಆ ಕರಿಯ ಜನರಾದರೋ ಬಿಳಿಯರ ದಯೆಯನ್ನೇ ಕಾದು ಕುಳಿತಿರಲಿಲ್ಲ. ೧೭೮೭ರಷ್ಟು ಹಿಂದೆಯೇ ಫಿಲಡೆಲ್ಫಿಯಾ ನಗರದಲ್ಲಿ ರಿಚರ್ಡ್ ಆಲನ್, ಆಬ್ಸಲಂ ಜೋನ್ಸ್ ಎಂಬ, ದಾಸ್ಯದಿಂದ ಬಿಡುಗಡೆ ಹೊಂದಿದ್ದ ಇಬ್ಬರು ‘ಫ್ರೀ ಆಫ್ರಿಕನ್ ಸೊಸೈಟಿ’ ಎಂಬ ಸಂಘವನ್ನು ಕಟ್ಟಿದರು. ಸದಸ್ಯರು ತಿಂಗಳಿಗೆ ಒಂದು ಷಿಲಿಂಗ್ ಕೊಡತಕ್ಕದ್ದು. ಕಾಯಿಲೆ ಬಿದ್ದವರಿಗೆ, ವಿಧವೆಯರಿಗೆ, ತಬ್ಬಲಿಗಳಿಗೆ ಆ ಹಣದಿಂದ ನೆರವು. ೧೯೦೩ರಲ್ಲಿ, ಅಂದರೆ ತೋಟದಪ್ಪನವರ ಛತ್ರವು ತೆರೆದ ವರ್ಷದಲ್ಲಿಯೇ, ರಿಚ್ಮಂಡ್ ನಗರದಲ್ಲಿ ಮ್ಯಾಗಿ ವಾಕರ್ ಎಂಬ ಮಹಿಳೆಯು ತನ್ನವರ ಪುಡಿಕಾಸುಗಳನ್ನು ಕೂಡಿಸಿ ಒಂದು ಉಳಿತಾಯದ ಬ್ಯಾಂಕನ್ನು ಸ್ಥಾಪಿಸಿದಳು. ಆಕೆಯ ತಾಯಿ ಹಿಂದೆ ದಾಸಿಯಾಗಿದ್ದವಳು, ಮುಂದೆ ಬಟ್ಟೆ ಒಗೆದು ಜೀವಿಸಿದವಳು. ಮಗಳು ಬಾಲ್ಯದಲ್ಲಿ ಒಗೆದ ಬಟ್ಟೆಯ ಗಂಟುಗಳನ್ನು ಹೊತ್ತು ಮನೆಮನೆಗೆ ತಲುಪಿಸಿದವಳು. ತೋಟದಪ್ಪನವರಿಗೆ ಮ್ಯಾಗಿ ವಾಕರಳ ಹೆಸರು ತಿಳಿದಿರಲಾರದು, ಅವಳಿಗೆ ಇವರ ಹೆಸರೂ ತಿಳಿದಿರಲಾರದು. ಬಾಗಿಲು ಮುಚ್ಚಿದ ಮನೆಯ ಮುಂದೆ ನಿಂತವರು ತಾವೇ ಒಂದು ಗುಡಿಸಲನ್ನು ಕಟ್ಟಿಕೊಳ್ಳುವುದು ಎಲ್ಲ ದೇಶಗಳಲ್ಲಿಯೂ ನಡೆದ ಸಂಗತಿಯೇ ಆಗಿದೆ.

೧೯೧೬ನೆಯ ಇಸವಿಯು ನಮ್ಮ ಕಥೆಯಲ್ಲಿ ವಿಶೇಷವಾದುದು. ಆ ವರ್ಷ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಡಾಕ್ಟರ್ ನಟೇಶ ಮುದಲಿಯಾರರು ಬ್ರಾಹ್ಮಣೇತರ ವಿದ್ಯಾರ್ಥಿಗಳಿಗಾಗಿ ‘ದ್ರಾವಿಡ ನಿಲಯ’ವನ್ನು ನಡೆಸತೊಡಗಿದರು. ಜಸ್ಟಿಸ್ ಪಕ್ಷವು ಹುಟ್ಟಿದುದೂ ಆ ವರ್ಷವೇ. ಅದೇ ನವೆಂಬರ್ ೧೩ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಜನ್ಮ ತಾಳಿತು. ಈಗ ಕೆ.ಎಲ್.ಇ. ಎಂದು ಎಲ್ಲರೂ ಕರೆಯುವುದು ಅದನ್ನೇ. ಗಡಿನಾಡಿನವರಾದ ನಮಗೆ ಬೆಳಗಾವಿಯ ಈ ದೃಷ್ಟಾಂತವು ಬಹಳ ಹತ್ತಿರವಾದುದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಊರಿನಲ್ಲಿ ಮರಾಠಿಯ ಪ್ರಾಬಲ್ಯ ಹೆಚ್ಚು. ಶಾಲೆ, ಕಚೇರಿ, ಅಂಗಡಿಗಳಲ್ಲಿ ಕನ್ನಡದ ಹುಡುಗನು ಪರಕೀಯನಂತೆ ನಿಲ್ಲಬೇಕಾಗಿತ್ತು. ಆಗ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಎಸ್. ಹಂಚಿನಾಳ ಮೊದಲಾದ ಏಳು ಮಂದಿ ತರುಣರು ಕೂಡಿ ಒಂದು ಶಾಲೆಯನ್ನು ತೆರೆದರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಶಾಲೆಗೆ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಎಂಬ ಹಿರಿಯರ ಹೆಸರನ್ನಿಟ್ಟರು. ವಿದ್ಯೆಗಾಗಿ ಲಿಂಗಾಯತರಲ್ಲಿ ಮೊದಲು ನಿಧಿ ಕೂಡಿಸಿದವರು ಆ ಹಿರಿಯರು. ೧೯೦೬ರಲ್ಲಿ ಕಾಲವಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಉತ್ಪನ್ನವನ್ನೇ ಮಕ್ಕಳ ವಿದ್ಯೆಗೆ ಬಿಟ್ಟುಹೋಗಿದ್ದರು. ೧೯೩೩ರಲ್ಲಿ ತೆರೆದ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ನನ್ನಂಥ ಶಾಲಾ ಉಪಾಧ್ಯಾಯನಿಗೆ ಇದರಲ್ಲಿ ಒಂದು ಹೆಮ್ಮೆಯೂ ಇದೆ, ಒಂದು ನಾಚಿಕೆಯೂ ಇದೆ. ಏಳು ಜನ ಮೇಷ್ಟರುಗಳು ಒಟ್ಟುಗೂಡಿದರೆ ಇಷ್ಟಾಗುವುದೆಂಬುದು ಹೆಮ್ಮೆ. ನಾವು ಏಳು ಜನ ಕೂಡಿದರೆ ನಡೆಯುವುದು ವೇತನ ಪರಿಷ್ಕರಣೆಯ ಚರ್ಚೆ ಮಾತ್ರ ಎಂಬುದು ನಾಚಿಕೆ.

ಮೈಸೂರಿನಲ್ಲಿಯೂ ನಿಲಯಗಳಲ್ಲಿ ಉಂಡು ಓದಿದ ತರುಣರು ಆ ವೇಳೆಗೆ ಮಾತನಾಡಬಲ್ಲವರಾಗಿದ್ದರು. ಎಲ್ಲ ಹಿಂದುಳಿದವರ ಪರವಾಗಿ ೧೯೧೭ರಲ್ಲಿ ಪ್ರಜಾಮಿತ್ರ ಮಂಡಲಿಯು ಹುಟ್ಟಿತು. ಮಂಡಲಿಯವರು ಮಹಾರಾಜರಲ್ಲಿ ಬಿನ್ನವಿಸಿಕೊಂಡರು. ಆಗ ಸಂಸ್ಥಾನದ ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬ್ರಾಹ್ಮಣರ ಕೈಯಲ್ಲಿದ್ದವು. ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, ಮರುವರ್ಷ ವರದಿಯನ್ನು ಒಪ್ಪಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಇತರ ಕೋಮುಗಳಿಗೆ ದೊರೆಯಬೇಕೆಂಬುದು ಅದರ ಮುಖ್ಯ ಸಲಹೆ. ೧೯೨೧ರಲ್ಲಿ ಮೈಸೂರು ಸರ್ಕಾರವು ಆಜ್ಞೆ ಹೊರಡಿಸಿತು. ಮದರಾಸಿನ ಜಸ್ಟಿಸ್ ಸರ್ಕಾರದ ಮೊದಲ ಕೋಮುವಾರು ಆಜ್ಞೆಯೂ ಅದೇ ವರ್ಷದ್ದು. ಹೊಸೂರಿನ ಈಚೆಗೂ ಆಚೆಗೂ ಒಂದೇ ವರ್ಷದಲ್ಲಿ ಬಾಗಿಲು ತೆರೆಯಿತೆಂದು ಹೇಳಬಹುದು. ಆದರೆ ಆ ಬಾಗಿಲನ್ನು ಹೊಕ್ಕವರು ಯಾರು? ಅದಾಗಲೇ ಪದವಿಯನ್ನು ಪಡೆದಿದ್ದವರು. ಪದವಿ ಪಡೆದವರು ಯಾರು? ಪಟ್ಟಣದಲ್ಲಿ ಮಲಗಲು ಚಾಪೆಯಿದ್ದವರು. ಬೆಂಗಳೂರಿನ ನಿಲಯಗಳಿಗೂ ೧೯೨೧ರ ಆಜ್ಞೆಗೂ ನಡುವೆ ಹದಿನೈದು ವರ್ಷಗಳ ಅಂತರವಿದೆ. ಒಬ್ಬ ಹುಡುಗನು ಅಕ್ಷರ ಕಲಿತು ಪದವೀಧರನಾಗುವುದಕ್ಕೆ ಸರಿಯಾಗಿ ಅಷ್ಟೇ ಕಾಲ ಬೇಕು. ಇದನ್ನು ಕಾಕತಾಳೀಯವೆಂದು ನಾನು ಎಣಿಸಲಾರೆನು.

ಕೃಷ್ಣಗಿರಿಯಿಂದ ನೇರವಾಗಿ ಉತ್ತರಕ್ಕೆ ನಡೆದರೆ ಗಡಿಯಾಚೆ ಕೋಲಾರದ ಚಿನ್ನದ ಗಣಿಗಳು. ಅಲ್ಲಿಯ ಕಥೆಯು ನಮ್ಮ ಕಥೆಯನ್ನು ಕನ್ನಡಿಯಲ್ಲಿ ನೋಡಿದಂತಿದೆ. ನಾವು ತಮಿಳು ಸೀಮೆಯಲ್ಲಿ ಉಳಿದ ಕನ್ನಡಿಗರು, ಅವರು ಮೈಸೂರು ಸೀಮೆಯಲ್ಲಿ ನೆಲೆಸಿದ ತಮಿಳರು. ೧೮೮೦ರ ದಶಕದಿಂದ ಉತ್ತರ ಆರ್ಕಾಟು ಮುಂತಾದ ಜಿಲ್ಲೆಗಳ ಬಡ ಪರಯ ಕುಟುಂಬಗಳು ಸಾವಿರಾರು ಸಂಖ್ಯೆಯಲ್ಲಿ ಬಂದು ಭೂಮಿಯ ಆಳಕ್ಕಿಳಿದು ದುಡಿದವು. ಊರಿನಲ್ಲಿ ಜಮೀನ್ದಾರನ ಜೀತ, ಇಲ್ಲಿ ಗಣಿಯ ಧೂಳು. ಆದರೂ ಇಲ್ಲಿ ಕೈಗೆ ನಗದು ಕೂಲಿ ಬರುತ್ತಿದ್ದಿತು. ಆ ಕೂಲಿಯಲ್ಲಿ ಒಂದೊಂದು ಕಾಸನ್ನು ಉಳಿಸಿ ಅವರು ಏನು ಮಾಡಿದರೆಂಬುದೇ ಆಶ್ಚರ್ಯ. ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದ ಪಂಡಿತ ಅಯೋತಿದಾಸರ (೧೮೪೫–೧೯೧೪) ಅನುಯಾಯಿಗಳು ಗಣಿಯ ಮಾರಿಕುಪ್ಪಂನಲ್ಲಿ ಅದರ ಶಾಖೆಯನ್ನು ತೆರೆದರು. ಅಯೋತಿದಾಸರು ೧೯೦೭ರಲ್ಲಿ ‘ಒಂದು ಪೈಸೆ ತಮಿಳನ್’ ಎಂಬ ವಾರಪತ್ರಿಕೆಯನ್ನು ಆರಂಭಿಸಿದಾಗ ಅದನ್ನು ಕೊಂಡು ಓದಿ ಉಳಿಸಿದವರಲ್ಲಿ ಈ ಗಣಿಕೂಲಿಗಳು ಮುಖ್ಯರು. ಅವರ ಮರಣಾನಂತರ ನಿಂತುಹೋಗಿದ್ದ ಆ ಪತ್ರಿಕೆಯು ೧೯೨೬ರಲ್ಲಿ ಪಂಡಿತ ಅಪ್ಪಾದುರೈಯವರ ಸಂಪಾದಕತ್ವದಲ್ಲಿ ಮತ್ತೆ ಹೊರಟುದೂ ಕೋಲಾರದ ಗಣಿಯಿಂದಲೇ. ಸಿದ್ಧಾರ್ಥ ಪುಸ್ತಕಶಾಲೆ ಎಂಬ ಪ್ರಕಾಶನವೂ ಅಲ್ಲಿ ನಡೆಯಿತು. ನೆಲದಡಿಯಲ್ಲಿ ದುಡಿದು ಬಂದ ಮನುಷ್ಯನು ಸಂಜೆಯ ದೀಪದಲ್ಲಿ ತನ್ನ ಕಾಸಿನಿಂದ ಅಚ್ಚಾದ ಪುಸ್ತಕವನ್ನು ಓದುವುದನ್ನು ಊಹಿಸಿಕೊಳ್ಳಿರಿ. ೨೦೦೧ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದವು. ಗಣಿಯವರ ಮಕ್ಕಳು ಈಗ ಮುಂಜಾವಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಭಾಷೆ ಬೇರೆಯೆಂಬ ಕಾರಣಕ್ಕೆ ನಾವು ಅವರ ಚರಿತ್ರೆಯನ್ನು ಓದದಿರುವುದು ತರವಲ್ಲ. ನೆರೆಮನೆಯವರಿಂದ ಕಲಿಯಲು ಅವರ ಮಾತೃಭಾಷೆಯೇಕೆ ಅಡ್ಡಿಯಾಗಬೇಕು? ನಮ್ಮ ಸೀಮೆಯಲ್ಲಂತೂ ಕನ್ನಡ, ತೆಲುಗು, ತಮಿಳುಗಳು ಒಂದೇ ಬೀದಿಯಲ್ಲಿ, ಕೆಲವೆಡೆ ಒಂದೇ ಮನೆಯಲ್ಲಿ ಇರುವುವು.

ಕಾಸರಗೋಡಿನಲ್ಲಿ ೧೮೫೯ರಲ್ಲಿ ಹುಟ್ಟಿ, ೧೮೯೭ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿದ ಕುದ್ಮುಲ್ ರಂಗರಾಯರನ್ನು ಇಲ್ಲಿ ನೆನೆಯದಿದ್ದರೆ ಕೃತಘ್ನತೆಯಾದೀತು. ಅವರು ಸಾರಸ್ವತ ಬ್ರಾಹ್ಮಣರು. ತಮ್ಮವರಿಂದ ಬಹಿಷ್ಕಾರವನ್ನು ಅನುಭವಿಸಿ ಅನ್ಯರ ಮಕ್ಕಳಿಗೆ ಅಕ್ಷರ ಕಲಿಸಿದರು. ಹೊರಗಿನಿಂದ ಚಾಚಿದ ಇಂಥ ಕೈಗಳೂ ಇದ್ದವು. ಆದರೆ ಅವು ಎಷ್ಟು ವಿರಳವೆಂದರೆ, ಒಂದೊಂದನ್ನೂ ಹೆಸರು ಹಿಡಿದು ಹೇಳಬಹುದು.

ಇನ್ನು ಈ ಕಥೆಯ ಕರಿಯ ಮಗ್ಗುಲನ್ನೂ ಮುಚ್ಚಿಡಬಾರದು. ತಮ್ಮವರಿಗೆಂದು ಕಟ್ಟಿದ ಗೋಡೆಯು ತಮ್ಮವರಲ್ಲದವರನ್ನು ಹೊರಗಿಟ್ಟಿತು. ಒಂದು ತಲೆಮಾರಿನ ಹಿಂದೆ ಬಾಗಿಲಲ್ಲಿ ನಿಂತು ಬೇಡಿದವರೇ, ತಮ್ಮ ನಿಲಯವು ಕಲ್ಲಿನ ಕಟ್ಟಡವಾದ ಮೇಲೆ, ಬಾಗಿಲಲ್ಲಿ ನಿಂತ ಇನ್ನೊಬ್ಬನ ಕುಲವನ್ನು ವಿಚಾರಿಸತೊಡಗಿದರು. ತುಮಕೂರಿನ ಸಿದ್ಧಗಂಗೆಯಂಥ ಕ್ಷೇತ್ರಗಳು ಇದಕ್ಕೆ ಅಪವಾದ. ಅಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು (೧೯೦೭–೨೦೧೯) ಹಳ್ಳಿಹಳ್ಳಿ ತಿರುಗಿ ಭಿಕ್ಷೆಯ ಧಾನ್ಯವನ್ನು ತಂದು, ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನವಿಕ್ಕಿದರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರ ಕಥೆಯನ್ನೂ ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಅವರೂ ಹೊಸೂರಿನವರೇ, ಆದರೆ ಗೌರಿಬಿದನೂರು ತಾಲ್ಲೂಕಿನ ಹೊಸೂರು! ೧೯೩೫ರಲ್ಲಿ ಬಸ್ಸಿಗೆ ಕಾಸಿಲ್ಲದೆ ನಡೆದೇ ಬೆಂಗಳೂರಿಗೆ ಬಂದ ಆ ಬಡ ಹುಡುಗನು ಮುಂದೆ ಪ್ರಾಂಶುಪಾಲರೂ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಆದರೂ ಕೊನೆಯವರೆಗೆ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿಯೇ ಬಾಳಿದರು. ಕಥ��ಯು ಮುಗಿದ ಮೇಲೆ ಯಾರಾದರೊಬ್ಬ ಹುಡುಗನು, “ಸಾರ್, ನಮ್ಮ ಹೊಸೂರಿಂದ ಇನ್ನೂ ಹತ್ತಿರ ಅಲ್ವಾ?” ಎಂದು ಕೇಳುವುದೂ ಪ್ರತಿ ವರ್ಷ ಇದ್ದದ್ದೇ.

ಹತ್ತಿರವೆಂಬುದು ನಿಜ. ಹತ್ತಿರವಾದರೂ ನಡುವೆ ಒಂದು ಗೆರೆಯಿದೆ, ಅದರ ಅನುಭವ ನನಗೇ ಆಗಿದೆ. ೧೯೯೦ರ ದಶಕದಲ್ಲಿ ನಾನು ಓದಲು ಬೆಂಗಳೂರಿಗೆ ಹೋದಾಗ, ನಮ್ಮ ತಂದೆಯವರು ನನ್ನನ್ನು ನಮ್ಮ ಕುಲದವರೇ ನಡೆಸುವ ಒಂದು ನಿಲಯಕ್ಕೆ ಕರೆದೊಯ್ದರು. ಅಲ್ಲಿಯ ಗುಮಾಸ್ತರು ಕಾಗದಗಳನ್ನು ತಿರುವಿಹಾಕಿ, “ಜಾತಿ ಪತ್ರದ ಮೇಲೆ ತಮಿಳುನಾಡಿನ ಮೊಹರಿದೆಯಲ್ಲ, ನಮ್ಮ ನಿಯಮದಲ್ಲಿ ಬರುವುದಿಲ್ಲ” ಎಂದರು. ತಂದೆಯವರು, “ನಾವೂ ನಿಮ್ಮವರೇ ಸ್ವಾಮಿ, ಮಾತು ಕೇಳಿದರೆ ಗೊತ್ತಾಗೋದಿಲ್ಲವೇ?” ಎಂದು ಎರಡು ಬಾರಿ ಹೇಳಿದರು. ಮೂರನೆಯ ಬಾರಿ ಹೇಳಲಿಲ್ಲ. ಗುಮಾಸ್ತರನ್ನು ದೂರಿ ಫಲವಿಲ್ಲ. ಒಂದು ರಾಜ್ಯದ ಪರಿಶಿಷ್ಟ ಜಾತಿಯವನು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿಯ ಮೀಸಲಾತಿಯನ್ನು ಕೇಳಲಾರನೆಂದು ಸರ್ವೋಚ್ಚ ನ್ಯಾಯಾಲಯವೇ ೧೯೯೦ರಲ್ಲಿ ತೀರ್ಪಿತ್ತಿದೆ. ಹಿಂದುಳಿದ ವರ್ಗಗಳ ಪಟ್ಟಿಯೂ ರಾಜ್ಯ ರಾಜ್ಯಕ್ಕೆ ಬೇರೆ. ತಮಿಳುನಾಡಿನ ಸೌಲಭ್ಯಗಳು ನಮಗೆ ತಮಿಳುನಾಡಿನಲ್ಲಿ ದೊರೆಯುತ್ತವೆ, ಇಲ್ಲವೆನ್ನಲಾಗದು. ಆದರೆ ಕನ್ನಡದಲ್ಲಿ ಓದಿದ ಮಗುವು ಮುಂದಿನ ಓದಿಗೆ ಗಡಿಯನ್ನು ದಾಟಿತೆಂದರೆ, ಅದರ ಕೈಯಲ್ಲಿರುವ ಪತ್ರವು ಬರಿಯ ಕಾಗದವಾಗುವುದು. ಸರ್ಕಾರದ ಆಜ್ಞೆಯು ಅತ್ತಿಬೆಲೆಯ ತನಕ ಬಂದು ನಿಲ್ಲುವುದು ಅದರ ಧರ್ಮ. ನಮ್ಮವರು ಕಟ್ಟಿದ ನಿಲಯವೂ ಏಕೆ ಅಲ್ಲಿಯೇ ನಿಲ್ಲಬೇಕೆಂಬುದು ಮಾತ್ರ ಅಂದಿನಿಂದಲೂ ನನಗೆ ಅರ್ಥವಾಗಿಲ್ಲ.

ಆ ರಾತ್ರಿ ನಾನು ಮಲಗಿದುದು ಕೃಷ್ಣರಾಜ ಮಾರುಕಟ್ಟೆಯ ಬಳಿಯ ಒಂದು ಹೂವಿನ ಮಂಡಿಯ ಅಟ್ಟದ ಮೇಲೆ. ನಮ್ಮ ಊರಿನಿಂದ ಹೂವು ತಂದು ಮಾರುತ್ತಿದ್ದ ಒಬ್ಬರು, ಅವರು ನಮ್ಮ ಕುಲದವರೂ ಅಲ್ಲ, ಮನೆಯಲ್ಲಿ ತೆಲುಗು ಆಡುವವರು, ಮಂಡಿಯವರಿಗೆ ಹೇಳಿ ಆ ಜಾಗವನ್ನು ಕೊಡಿಸಿದರು. ಎರಡು ವರ್ಷ ಅಲ್ಲಿಯೇ ಇದ್ದೆನು. ಬೆಳಗಿನ ಜಾವ ಮೂರು ಗಂಟೆಗೆ ಹೂವಿನ ಮೂಟೆಗಳು ಬಂದು ಬೀಳುತ್ತಿದ್ದವು. ಎದ್ದು ತೂಕ ಬರೆದುಕೊಟ್ಟರೆ ಬೆಳಗಿನ ತಿಂಡಿ ಮಂಡಿಯವರದು. ಪಂಪನನ್ನೂ ಕುಮಾರವ್ಯಾಸನನ್ನೂ ನಾನು ಓದಿದುದು ಸೇವಂತಿಗೆಯ ವಾಸನೆಯ ನಡುವೆ. ಇಂದಿಗೂ ತರಗತಿಯಲ್ಲಿ ಗದುಗಿನ ಭಾರತವನ್ನು ತೆರೆದರೆ ಆ ವಾಸನೆ ಬಂದಂತಾಗುತ್ತದೆ.

ಹೊಸೂರಿಗೆ ೧೯೭೦ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶವು ಬಂದ ಮೇಲೆ ನಮ್ಮ ಊರುಗಳ ಸ್ಥಿತಿಯು ಬದಲಾಗಿದೆ. ಸಂಬಳ ಪಡೆಯುವವರು ಈಗ ನಮ್ಮಲ್ಲಿಯೂ ಇದ್ದಾರೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬಾಡಿಗೆ ಮನೆಗಳಲ್ಲಿ ವಾಸಿಸುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಎಣಿಸಿದರೆ ನನ್ನ ಎರಡು ಕೈಗಳ ಬೆರಳುಗಳು ಸಾಲವು. ಇಷ್ಟಾದರೂ, ನಮ್ಮ ಸೀಮೆಯ ಕನ್ನಡ ಮಕ್ಕಳಿಗೆಂದು, ಕುಲವನ್ನು ಕೇಳದೆ, ಮೊಹರನ್ನು ನೋಡದೆ ತೆರೆಯುವ ಒಂದು ಕೋಣೆಯನ್ನು ನಾವು ಈವರೆಗೆ ಮಾಡಲಿಲ್ಲ. ವಾರ್ಷಿಕೋತ್ಸವಗಳಿಗೆ ಶಾಮಿಯಾನವನ್ನು ಹಾಕಿಸಿದ್ದೇವೆ, ರಾಜ್ಯೋತ್ಸವಕ್ಕೆ ಬಾವುಟಗಳನ್ನು ಕಟ್ಟಿದ್ದೇವೆ, ಬೆಂಗಳೂರಿನಿಂದ ಅತಿಥಿಗಳನ್ನು ಕರೆಸಿ ಗಡಿನಾಡ ಕನ್ನಡಿಗರ ಗೋಳನ್ನು ಅವರ ಬಾಯಿಂದಲೇ ಕೇಳಿದ್ದೇವೆ. ಈ ಮಾತನ್ನು ಸಂಘದ ಸಂಚಿಕೆಯಲ್ಲಿಯೇ ಬರೆಯುತ್ತಿರುವುದಕ್ಕೆ ಕಾರ್ಯದರ್ಶಿಗಳು ಕ್ಷಮಿಸಬೇಕು. ನಾನೂ ಈ ಸಂಘದ ಸದಸ್ಯನೇ.

ಅಂಚೆಟ್ಟಿಯ ಆ ಹುಡುಗನ ವಿಷಯವನ್ನು ಹೇಳುವುದು ಉಳಿಯಿತು. ನಾನು ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿದೆನು. ಐದನೆಯವನು, ಚಂದಾಪುರದ ಕಡೆ ಇಬ್ಬರು ಸ್ನೇಹಿತರೊಡನೆ ಒಂದು ಕೋಣೆಯಲ್ಲಿರುವವನು, “ಕಳಿಸಿ ಸಾರ್, ಇನ್ನೊಂದು ಚಾಪೆಗೆ ಜಾಗ ಇದೆ” ಎಂದನು. ಅವನು ಯಾವ ಕುಲವೆಂದು ತಂದೆಯು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಾಡಿಗೆಯ ಪಾಲನ್ನು ಆ ಮೂವರು ಹುಡುಗರು ತೆಗೆದುಕೊಳ್ಳುತ್ತಿಲ್ಲ. ಅದಕ್ಕೆ ಬದಲಾಗಿ ತಂದೆಯು ತಿಂಗಳಿಗೊಮ್ಮೆ ಬೆಳಗಿನ ಮೊದಲ ಬಸ್ಸಿಗೆ ಒಂದು ಮೂಟೆ ರಾಗಿಹಿಟ್ಟನ್ನೂ ಹೊಲದ ಅವರೆ, ತೊಗರಿಗಳನ್ನೂ ಹಾಕಿಕೊಂಡು ಹೋಗಿ ಬರುತ್ತಾನೆ. ಕಳೆದ ಬಾರಿ ದೇಂಕಣಿಕೋಟೆಯ ನಿಲ್ದಾಣದಲ್ಲಿ ಸಿಕ್ಕಾಗ ಮೂಟೆಯು ಸ್ವಲ್ಪ ದೊಡ್ಡದಾಗಿದ್ದಿತು. ಏಕೆಂದು ಕೇಳಿದೆನು. “ಇನ್ನೊಬ್ಬ ಹುಡುಗ ಬಂದವ್ನಂತೆ ಮೇಷ್ಟ್ರೇ, ತಳಿ ಕಡೆಯೋನು” ಎಂದು ಹೇಳಿ ಬಸ್ಸು ಹತ್ತಿದನು.